ಬೇಕರಿ ಮಿಕ್ಸಿಂಗ್ ರೂಮಿನ ಹುಡುಗನಿಗೆ ಉಬ್ಬಸ: ಮೈದಾ ಧೂಳೇ ಕಾರಣ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ಬೇಕರಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದು ಬ್ರೆಡ್ಡು, ಬನ್ನು, ಬಿಸ್ಕತ್ತು ಮಾಡೋ ಯೂನಿಟ್ಟು. ಒಟ್ಟು 14 ಜನ, ಎಲ್ಲರಿಗೂ ಇಎಸ್‌ಐ ಇದೆ. 50 ಕೆಜಿ ಮೂಟೆ ಲೆಕ್ಕದಲ್ಲಿ ದಿನಕ್ಕೆ 6 ಮೂಟೆ ಮೈದಾ ಖರ್ಚು. ಮಿಕ್ಸಿಂಗ್ ರೂಮು 12 ಅಡಿಗೆ 14 ಅಡಿ. ಒಂದು ಸ್ಪೈರಲ್ ಮಿಕ್ಸರ್, ಹಿಂದಿನ ಗೋಡೆಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನು, ಮೇಲೆ ಸೀಲಿಂಗ್ ಫ್ಯಾನು. ಮಿಕ್ಸಿಂಗ್ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ನಡೆಯುತ್ತೆ.

ಮಿಕ್ಸರ್ ನೋಡ್ಕೊಳ್ಳೋ ಹುಡುಗನಿಗೆ 29 ವರ್ಷ, 3 ವರ್ಷದಿಂದ ಅದೇ ಕೆಲಸ. ಬೀಡಿ ಸಿಗರೇಟು ಇಲ್ಲ. ವರ್ಷದ ಹಿಂದೆ ಸೀನು, ಮೂಗು ಸೋರೋದು, ಕಣ್ಣು ಕೆರೆತ ಶುರುವಾಯ್ತು. 4 ತಿಂಗಳಿಂದ ಕೆಮ್ಮು, ರಾತ್ರಿ 1–2 ಗಂಟೆಗೆ ಎದೆ ಬಿಗಿತ, ಉಸಿರು ಬಿಡುವಾಗ ಸುಯ್ ಅನ್ನೋ ಸದ್ದು. ಕಫ ಪರೀಕ್ಷೆ ನೆಗೆಟಿವ್, ಎಕ್ಸ್‌ರೇ ಸರಿ ಇದೆ. ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ಇದ್ದಾಗ ಪೂರ್ತಿ ಸರಿಹೋಗಿದ್ದ, ವಾಪಸ್ ಬಂದ ಎರಡನೇ ದಿನಕ್ಕೇ ಮತ್ತೆ ಶುರು. ಕ್ಲಿನಿಕ್ಕಿನಲ್ಲಿ ಸಾಲ್ಬ್ಯುಟಮಾಲ್ ಇನ್‌ಹೇಲರ್ ಕೊಟ್ಟು, ಧೂಳಿನ ಅಲರ್ಜಿ, ಮಾಸ್ಕ್ ಹಾಕ್ಕೊ ಅಂದಿದ್ದಾರೆ.

ಕೇಳಬೇಕಾಗಿರೋದು: ಇದು ಮೈದಾದಿಂದಲೇ ಅಂತ ತಿಳ್ಕೊಳ್ಳೋದು ಹೇಗೆ? ಅವನನ್ನ ಈಗಲೇ ಪ್ಯಾಕಿಂಗ್‌ಗೆ ಹಾಕಲಾ? ರೂಮಿನಲ್ಲಿ ಏನು ಬದಲಾಯಿಸಬೇಕು? ಇಎಸ್‌ಐನಲ್ಲಿ ಇದನ್ನ ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ತಾರಾ? ಇನ್ನೂ ಇಬ್ಬರು ಸೀನ್ತಿದ್ದಾರೆ, ಅದಕ್ಕೇ ಯೋಚನೆ ಜಾಸ್ತಿ.

---

ಎದೆರೋಗ_ವೈದ್ಯೆ (ಮೈಸೂರು)

ನೀವು ಬರೆದಿರುವ ಕ್ರಮದಲ್ಲೇ ಮುಕ್ಕಾಲು ಉತ್ತರ ಇದೆ. ಮೊದಲು ಮೂಗು, ಕಣ್ಣು. ತಿಂಗಳುಗಳ ಮೇಲೆ ಎದೆ. ಊರಿಗೆ ಹೋದರೆ ಇಳಿತ, ಕೆಲಸಕ್ಕೆ ಬಂದರೆ ಏರಿಕೆ. ಬೇಕರಿಯವರ ಉಬ್ಬಸ ಬಹುಪಾಲು ಹೀಗೇ ಬರುತ್ತದೆ. ಮೊದಲ ಎರಡು ವರ್ಷ ಏನೂ ಆಗದವನಿಗೆ ಆಮೇಲೆ ಯಾಕೆ ಎಂಬ ಪ್ರಶ್ನೆಯೂ ಏಳುತ್ತದೆ. ಮೈ ಒಂದು ವಸ್ತುವಿಗೆ ಒಗ್ಗದಂತಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಒಮ್ಮೆ ಹಾಗಾದಮೇಲೆ ಚಿಟಿಕೆ ಧೂಳೂ ಸಾಕು.

ರಾತ್ರಿ 1 ಗಂಟೆಗೆ ಬರುವುದು ಕಂಡು, ಕೆಲಸದಲ್ಲಿ ಚೆನ್ನಾಗೇ ಇರುತ್ತಾನೆ, ಮನೆಯಲ್ಲಿ ಮಾತ್ರ ಬರುತ್ತದೆ, ಹಾಗಾದರೆ ಮನೆಯದೇ ಏನೋ ಇರಬೇಕು ಎಂದುಕೊಳ್ಳುವವರು ಬಹಳ. ಅಲರ್ಜಿಯ ತಡವಾದ ಪ್ರತಿಕ್ರಿಯೆ ಧೂಳು ಕುಡಿದ 4ರಿಂದ 8 ಗಂಟೆಯ ಮೇಲೆ ಬರುತ್ತದೆ. ಸಂಜೆ 6ಕ್ಕೆ ಮೂಟೆ ಸುರಿದವನಿಗೆ ನಡುರಾತ್ರಿ ಕಟ್ಟುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆದ್ದರಿಂದ ಮನೆಗೆ ಹೋದಮೇಲೆ ಹೇಗಿರುತ್ತೀಯ ಎಂದು ಕೇಳಿದರೆ ತಪ್ಪು ಉತ್ತರ ಸಿಗುತ್ತದೆ. ಎರಡು ಮೂರು ದಿನ ಸತತವಾಗಿ ರಜೆ ಸಿಕ್ಕಾಗ ಹೇಗಿರುತ್ತೀಯ ಎಂದು ಕೇಳಿ.

ಖಚಿತಪಡಿಸಲು ಮುಖ್ಯವಾಗಿ ಬೇಕಾದದ್ದು ಪೀಕ್ ಫ್ಲೋ ಮೀಟರ್. ಉಸಿರನ್ನು ಎಷ್ಟು ರಭಸದಿಂದ ಊದಬಲ್ಲ ಎಂದು ನಿಮಿಷಕ್ಕೆ ಲೀಟರ್ ಲೆಕ್ಕದಲ್ಲಿ ತೋರಿಸುವ, ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಸಾಧನ, ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಎದೆ ತುಂಬ ಉಸಿರು ಎಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ರಭಸಕ್ಕೆ ಊದಬೇಕು. ಮೂರು ಸಲ ಊದಿ ಹೆಚ್ಚಿನದನ್ನು ಬರೆಯಬೇಕು. ಮೊದಲ ಎರಡು ಹೆಚ್ಚಿನ ಅಳತೆಗಳ ನಡುವೆ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಊದಿದ ರೀತಿ ಸರಿಯಿಲ್ಲ, ಮತ್ತೆ ಊದಿಸಿ. ದಿನಕ್ಕೆ ಕನಿಷ್ಠ 4 ಹೊತ್ತು: ಎದ್ದ ಕೂಡಲೇ, ಕೆಲಸಕ್ಕೆ ಇಳಿಯುವ ಮುಂಚೆ, ಕೆಲಸ ಮುಗಿದಾಗ, ಮಲಗುವಾಗ. ರಾತ್ರಿ ಎಚ್ಚರವಾದರೆ ಆಗಲೂ ಒಂದು. ಒಟ್ಟು 4 ವಾರ, ಕೊನೆಯವರೆಗೂ ಅದೇ ಮೀಟರ್. ಪಕ್ಕದಲ್ಲಿ ಆವತ್ತು ಮಿಕ್ಸಿಂಗ್ ಇತ್ತೋ ರಜೆಯೋ, ಸಾಲ್ಬ್ಯುಟಮಾಲ್ ಎಷ್ಟು ಸಲ ಎಳೆದ ಎಂಬುದನ್ನೂ ಬರೆಯಲಿ.

ಬೇಕರಿಗಳಲ್ಲಿ ಈ ಚಾರ್ಟ್ ಕೆಡುವುದು ರಜೆಯ ವಿಚಾರದಲ್ಲಿ. ವಾರಕ್ಕೊಂದು ದಿನದ ರಜೆಯಲ್ಲಿ ಶ್ವಾಸನಾಳ ಪೂರ್ತಿ ಸುಧಾರಿಸುವುದಿಲ್ಲ, ಗ್ರಾಫು ಚಪ್ಪಟೆಯಾಗಿ ಕಂಡು ‘ಕೆಲಸಕ್ಕೆ ಸಂಬಂಧವಿಲ್ಲ’ ಎಂಬ ತಪ್ಪು ತೀರ್ಮಾನ ಬರುತ್ತದೆ. ಎರಡು ವಾರ ಎಂದಿನ ಕೆಲಸ, ನಂತರ ಒಂದು ವಾರದಿಂದ 10 ದಿನ ಸತತ ರಜೆ, ಮತ್ತೆ ಕೆಲವು ದಿನ ಕೆಲಸ: ಹೀಗೆ ಹಂಚಿ. ಉದಾಹರಣೆಗೆ ಕೆಲಸದ ದಿನ ಎದ್ದಾಗ 420, ಮಲಗುವಾಗ 330 ಎಂದಿಟ್ಟುಕೊಳ್ಳಿ. ವ್ಯತ್ಯಾಸ 90, ಸರಾಸರಿ 375. ಅಂದರೆ ಶೇ 24ರ ಏರಿಳಿತ. ರಜೆಯ ಐದನೇ ದಿನ ಅದೇ ವ್ಯಕ್ತಿ ದಿನವಿಡೀ 440–450ರಲ್ಲಿ ನಿಂತರೆ ಸಂಶಯಕ್ಕೆ ಜಾಗವೇ ಇಲ್ಲ. ಕೆಲಸದ ದಿನಗಳಲ್ಲಿ ಶೇ 20 ದಾಟಿ ಏರಿಳಿತ, ರಜೆಯಲ್ಲಿ ಅದು ಕುಗ್ಗುವುದು: ನಾವು ಹುಡುಕುವುದು ಇದನ್ನೇ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ: ಅಳತೆ ಶುರುಮಾಡದೆ ಇವತ್ತೇ ಪ್ಯಾಕಿಂಗ್‌ಗೆ ಹಾಕಬೇಡಿ. ಕೆಲಸದಿಂದ ದೂರವಾದಮೇಲೆ ಸ್ಪೈರೋಮೆಟ್ರಿ (ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ನಾರ್ಮಲ್ ಎಂದೇ ಬರಬಹುದು, ಸಾಕ್ಷಿ ಕೈತಪ್ಪುತ್ತದೆ, ಇಎಸ್‌ಐಗೂ ಕಷ್ಟ. ಇದಕ್ಕೆ ಒಂದು ಮಿತಿ ಇದೆ. ಪೀಕ್ ಫ್ಲೋ ಅವನ ಒಳ್ಳೆಯ ದಿನದ ಶೇ 60ಕ್ಕಿಂತ ಕೆಳಗಿಳಿದರೆ, ಅಥವಾ ದಿನಾ ರಾತ್ರಿ ಎದ್ದು ಕೂರುವಂತಾದರೆ ಚಾರ್ಟನ್ನು ಬದಿಗಿಟ್ಟು ಆ ಕ್ಷಣವೇ ಮಿಕ್ಸಿಂಗ್‌ನಿಂದ ತೆಗೆಯಿರಿ. ಜೀವಕ್ಕಿಂತ ಸಾಕ್ಷಿ ದೊಡ್ಡದಲ್ಲ.

ರಕ್ತದಲ್ಲಿ ಗೋಧಿ ಮತ್ತು ಫಂಗಲ್ ಆಲ್ಫಾ ಅಮೈಲೇಸ್ ಎರಡಕ್ಕೂ ನಿರ್ದಿಷ್ಟ ಐಜಿಇ (ಆ ವಸ್ತುವಿಗೆ ಅಲರ್ಜಿ ಇದೆಯೇ ಎಂದು ತೋರಿಸುವ ಪ್ರತಿಕಾಯ) ಪರೀಕ್ಷೆ ಕೇಳಿ. ಬರೀ ಗೋಧಿಯದು ಮಾಡಿಸಿ ನೆಗೆಟಿವ್ ಬಂತೆಂದು ಬಿಟ್ಟರೆ, ಕಾರಣ ಬ್ರೆಡ್ ಇಂಪ್ರೂವರ್‌ನ (ಬ್ರೆಡ್ಡು ಚೆನ್ನಾಗಿ ಬರಲೆಂದು ಹಿಟ್ಟಿಗೆ ಬೆರೆಸುವ ಪುಡಿಯ) ಕಿಣ್ವವಾದ ಈ ಅಮೈಲೇಸ್ ಆಗಿದ್ದಾಗ ತಪ್ಪಿಹೋಗುತ್ತದೆ. ಗೋಧಿಯದು ಪಾಸಿಟಿವ್ ಬಂದರೂ ಅದೊಂದೇ ಸಾಲದು. ಹುಲ್ಲಿನ ಪರಾಗದ ಅಲರ್ಜಿ ಇರುವವರಿಗೂ ಅದು ಪಾಸಿಟಿವ್ ಬರಬಹುದು. ಚಾರ್ಟ್ ಜೊತೆ ಇಟ್ಟು ಓದಬೇಕು. ಚಾರ್ಟ್ ಇಲ್ಲದೆ ರಿಪೋರ್ಟ್ ಮಾತ್ರ ಹಿಡಿದು ಬಂದವರಿಗೆ ವೈದ್ಯರೂ ಖಚಿತವಾಗಿ ಹೇಳಲಾರರು.

ಚಿಕಿತ್ಸೆಯನ್ನು ಪರೀಕ್ಷೆ ಮುಗಿಯಲಿ ಎಂದು ಕಾಯಿಸಬೇಡಿ. ಬರೀ ಸಾಲ್ಬ್ಯುಟಮಾಲ್ ಸಾಲದು. ಜಾಗತಿಕ ಉಬ್ಬಸ ಮಾರ್ಗಸೂಚಿ 2019ರಿಂದಲೇ ಅದೊಂದನ್ನೇ ಕೊಡುವುದು ಬೇಡ ಎನ್ನುತ್ತಿದೆ. ಅದು ನಾಳವನ್ನು ತಾತ್ಕಾಲಿಕವಾಗಿ ಹಿಗ್ಗಿಸುತ್ತದೆ, ಒಳಗಿನ ಉರಿಯೂತ ಹಾಗೇ ಉಳಿಯುತ್ತದೆ. ಸ್ಟೀರಾಯ್ಡ್ ಇರುವ ಇನ್‌ಹೇಲರ್, ಸಾಮಾನ್ಯವಾಗಿ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ್ದು, ವೈದ್ಯರು ಹೇಳಿದ ಪ್ರಮಾಣದಲ್ಲಿ ದಿನಾ ಬೇಕು. 4 ವಾರದ ಅಳತೆಯ ಉದ್ದಕ್ಕೂ ಪ್ರಮಾಣ ಒಂದೇ ಇರಲಿ. ನಡುವೆ ಬದಲಾಯಿಸಿದರೆ ಏರಿಳಿತ ಔಷಧದ್ದೋ ಧೂಳಿನದ್ದೋ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ಇನ್‌ಹೇಲರ್‌ನಿಂದ ರಾತ್ರಿ ನಿದ್ದೆ ಬಂತು ಎಂದು ಅವನನ್ನು ಮಿಕ್ಸರ್ ಮುಂದೆಯೇ ಮುಂದುವರಿಸಿದರೆ ರೋಗ ಒಳಗೊಳಗೇ ಗಟ್ಟಿಯಾಗುತ್ತದೆ. ಕಾರಣದಿಂದ ದೂರ ಮಾಡಿದವರಲ್ಲೂ ಪೂರ್ತಿ ಗುಣವಾಗುವುದು ಸುಮಾರು ಮೂರರಲ್ಲೊಬ್ಬರಿಗೆ. ರೋಗ ಶುರುವಾದಮೇಲೆ ಧೂಳಿನಲ್ಲಿ ಕಳೆದ ಕಾಲ ಕಡಿಮೆಯಾದಷ್ಟೂ ಆ ಒಬ್ಬರಾಗುವ ಸಾಧ್ಯತೆ ಹೆಚ್ಚು.

---

ಗಾಳಿ_ಧೂಳು_ಇಂಜಿನಿಯರ್ (ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ರೂಮಿನ ವಿಷಯ ನಾನು ಹೇಳ್ತೀನಿ. ಮೊದಲು ದುಡ್ಡು ಖರ್ಚಾಗದ ಕೆಲಸಗಳು.

ಇವತ್ತು ರಾತ್ರಿ ಲೈಟೆಲ್ಲ ಆರಿಸಿ, ಮಿಕ್ಸರ್ ಆಚೆ ಬದಿಯಲ್ಲಿ ಪ್ರಖರವಾದ ಎಲ್‌ಇಡಿ ಟಾರ್ಚ್ ಇಟ್ಟು ಬೆಳಕು ನಿಮ್ಮ ಕಡೆ ಬರುವ ಹಾಗೆ ತಿರುಗಿಸಿ. ಬೆಳಕಿನ ಕಂಬದ ಪಕ್ಕಕ್ಕೆ ಸ್ವಲ್ಪ ಸರಿದು ನಿಂತು, ಹುಡುಗನ ಕೈಲಿ ಬೇಡ, ಬೇರೆಯವರ ಕೈಲಿ ಒಂದು ಮೂಟೆ ಸುರಿಸಿ. ಮಾಮೂಲು ಬೆಳಕಲ್ಲಿ ಕಾಣದ ಸಣ್ಣ ಧೂಳು ಹೊಗೆ ಥರ ಎದ್ದು, ಬೌಲ್ ಅಂಚು ದಾಟಿ ನೇರ ಮುಖದ ಮಟ್ಟಕ್ಕೆ ಬರೋದು ಕಾಣುತ್ತೆ. ಸೀಲಿಂಗ್ ಫ್ಯಾನ್ ಹಾಕಿ ಒಂದ್ಸಲ, ಆರಿಸಿ ಒಂದ್ಸಲ ನೋಡಿ. ಇದನ್ನ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಬದಲಾವಣೆ ಆದಮೇಲೆ ಹೋಲಿಸೋಕೆ ಬೇಕು.

ಮೂಟೆಯನ್ನ ಎದೆ ಎತ್ತರಕ್ಕೆ ಎತ್ತಿ ದಬಕ್ ಅಂತ ಸುರಿಯೋದು ನಿಲ್ಲಬೇಕು. ಮೂಟೆ ಬೌಲ್ ಅಂಚಿನ ಮೇಲೇ ಕೂರಲಿ, ಬಾಯಿ ಬೌಲ್ ಒಳಗಿರಲಿ, ನಿಧಾನಕ್ಕೆ ಜಾರಿಸಿ. ಖಾಲಿ ಚೀಲವನ್ನ ಒದರೋದು, ಮಡಚಿ ಕೈಯಲ್ಲಿ ಒತ್ತಿ ಗಾಳಿ ತೆಗೆಯೋದು ಎರಡೂ ಬೇಡ. ಒತ್ತಿದಾಗ ಒಳಗೆ ಉಳಿದ ಹಿಟ್ಟೆಲ್ಲ ಮುಖಕ್ಕೇ ಹೊಡೆಯುತ್ತೆ. ಚೀಲವನ್ನ ಬುಡದಿಂದ ಮೆಲ್ಲಗೆ ಸುರುಳಿ ಸುತ್ತಿ ದೊಡ್ಡ ಪ್ಲಾಸ್ಟಿಕ್ ಕವರಿಗೆ ಹಾಕಿ.

ಮಿಕ್ಸರ್‌ಗೆ ಮುಚ್ಚಳ ಇದ್ದೂ ತೆಗೆದಿಟ್ಟಿರ್ತಾರೆ, ಅದನ್ನ ಹಾಕಿಸಿ. ಸರಳು ಸರಳಾಗಿರೋ ಗಾರ್ಡ್ ಆದರೆ ಅದರ ಮೇಲೆ ಫುಡ್ ಗ್ರೇಡ್ ಪಾರದರ್ಶಕ ಶೀಟ್ ಕೂರಿಸಬಹುದು, ಆದರೆ ಗಾರ್ಡ್ ಎತ್ತಿದರೆ ಮೋಟರ್ ನಿಲ್ಲೋ ಸ್ವಿಚ್ಚನ್ನ ಮುಟ್ಟಬೇಡಿ. ನೀರು ಮತ್ತು ಹಿಟ್ಟು ಬೆರೆಯೋ ತನಕ, ಮೊದಲ 2–3 ನಿಮಿಷ ನಿಧಾನದ ಸ್ಪೀಡಲ್ಲೇ ಓಡಿಸಿ. ಒಣಹಿಟ್ಟು ಇರುವಾಗಲೇ ಹೈ ಸ್ಪೀಡ್‌ಗೆ ಹಾಕೋದರಿಂದಲೇ ದೊಡ್ಡ ಮೋಡ ಏಳೋದು.

ಇಂಪ್ರೂವರ್ ಪ್ಯಾಕೆಟ್ ತಿರುಗಿಸಿ ಓದಿ. ಐಎನ್‌ಎಸ್ 1100 ಅಂತ ಇದ್ದರೆ ಅದು ಅಮೈಲೇಸ್, ಮೇಡಂ ಹೇಳಿದ ಕಿಣ್ವ. ನಮ್ಮ ದೇಶದಲ್ಲಿ ಪೊಟ್ಯಾಸಿಯಂ ಬ್ರೋಮೇಟ್ 2016ರಲ್ಲೇ ನಿಷೇಧ ಆಗಿದೆ, ಈಗಿನ ಇಂಪ್ರೂವರ್‌ಗಳಲ್ಲಿ ಸಾಮಾನ್ಯವಾಗಿ ಆಸ್ಕಾರ್ಬಿಕ್ ಆಮ್ಲ ಮತ್ತು ಕಿಣ್ವಗಳಿರುತ್ತೆ. ಪುಡಿ ಬಿಟ್ಟು ಪೇಸ್ಟ್ ಅಥವಾ ದ್ರವ ರೂಪದ್ದು ಕೇಳಿ. ಸಿಗಲಿಲ್ಲ ಅಂದರೆ ತೂಕ ಮಾಡಿದ ಪುಡಿಯನ್ನ ಮುಚ್ಚಳದ ಡಬ್ಬಿಯಲ್ಲೇ ಆ ಬ್ಯಾಚಿನ ನೀರಲ್ಲಿ ಸ್ವಲ್ಪ ತಗೊಂಡು ಕಲಸಿ ಹಾಕಿ. ತಕ್ಕಡಿ ಮೇಲೆ ಚಮಚದಲ್ಲಿ ಉದುರಿಸಿ ತೂಗೋ ಜಾಗಕ್ಕೆ ಫ್ಯಾನ್ ಗಾಳಿ ಬೀಳಬಾರದು.

ಮೇಜಿನ ಮೇಲೆ ಮೈದಾ ಎರಚೋದನ್ನ ಬನ್ನು, ಬ್ರೆಡ್ಡಿಗೆ ಪೂರ್ತಿ ಬಿಡಬಹುದು, ತೆಳುವಾಗಿ ಎಣ್ಣೆ ಸವರಿದರೆ ಸಾಕು. ಪಫ್ ಲಟ್ಟಿಸೋಕೆ ಬೇಕೇ ಬೇಕು ಅಂದರೆ ತೂತಿನ ಡಬ್ಬಿಯಿಂದ ಮೇಜಿಗೆ ಹತ್ತಿರ ಹಿಡಿದು ಉದುರಿಸಿ. ಕೈಯಲ್ಲಿ ಬೀಸಿ ಎರಚಬೇಡಿ. ರಾತ್ರಿ ಪೊರಕೆ ಬೇಡ. ಕಂಪ್ರೆಸರ್ ಗಾಳಿ ಹೊಡೆದು ಮಿಕ್ಸರ್ ಕ್ಲೀನ್ ಮಾಡೋದಂತೂ ಬೇಡವೇ ಬೇಡ, ಐದು ನಿಮಿಷದ ಆ ಕೆಲಸದಲ್ಲೇ ತುಂಬಾ ಧೂಳು ಎದ್ದು ಒಳಗೆ ಹೋಗುತ್ತೆ. ಹೆಪಾ ಫಿಲ್ಟರ್ (ತೀರಾ ಸಣ್ಣ ಧೂಳನ್ನೂ ಹಿಡಿಯೋ ಫಿಲ್ಟರ್) ಇರೋ ಇಂಡಸ್ಟ್ರಿಯಲ್ ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆ. ಮನೆ ಬಳಕೆಯ ವ್ಯಾಕ್ಯೂಮ್ ಸಣ್ಣ ಧೂಳನ್ನ ಹಿಂದಿನಿಂದ ರೂಮಿಗೇ ಬಿಡುತ್ತೆ. ಹಿಟ್ಟಿನ ಧೂಳು ಕಿಡಿ ತಗುಲಿದರೆ ಸ್ಫೋಟ ಆಗೋ ವಸ್ತು, ಆದ್ದರಿಂದ ಅಂಥ ಧೂಳಿಗೇ ಅಂತ ರೇಟ್ ಆಗಿರೋ ಮಷೀನ್ ತಗೊಳ್ಳಿ.

ಇನ್ನು ಎಕ್ಸಾಸ್ಟ್. ಗೋಡೆಗಿರೋ ಫ್ಯಾನು ಸೆಕೆ ಕಡಿಮೆ ಮಾಡುತ್ತೆ, ಧೂಳು ಹಿಡಿಯಲ್ಲ. ಎಳೆಯೋ ಬಾಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಸಾಕು, ಎಳೆತ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತೆ. 12 ಇಂಚಿನ ಫ್ಯಾನಿಗೆ ಒಂದು ಅಡಿ ಆಚೆ ಏನೂ ಗೊತ್ತಾಗಲ್ಲ. ಬೇಕಾಗಿರೋದು ಬೌಲ್ ಅಂಚಿಗೆ ಅಂಟಿದ ಹಾಗೆ, ಕೆಲಸಗಾರನ ಎದುರು ಬದಿಯಲ್ಲಿ ಒಂದು ಹುಡ್, ಅಂದರೆ ಧೂಳನ್ನ ಎಳೆದುಕೊಳ್ಳೋ ಪೈಪಿನ ಅಗಲವಾದ ಬಾಯಿ. ಧೂಳು ಅವನ ಮುಖ ದಾಟಿ ಹೋಗಬಾರದು, ಮುಖದಿಂದ ದೂರ ಹೋಗಬೇಕು. 0.3 ಮೀ × 0.4 ಮೀ ಬಾಯಿ, ಧೂಳು ಏಳೋ ಜಾಗದಿಂದ 0.3 ಮೀಟರ್ ದೂರ, ಅಲ್ಲಿ ಸೆಕೆಂಡಿಗೆ 0.5 ಮೀಟರ್ ಎಳೆತ ಅಂದರೆ ಸೆಕೆಂಡಿಗೆ ಸುಮಾರು 0.51 ಘನ ಮೀಟರ್ ಗಾಳಿ, ಹತ್ತಿರ ಹತ್ತಿರ 1,080 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). 200 ಮಿ.ಮೀ. ಡಕ್ಟ್‌ನಲ್ಲಿ ಇದು ಸೆಕೆಂಡಿಗೆ 16 ಮೀಟರ್ ವೇಗ, ಹಿಟ್ಟು ಪೈಪಿನೊಳಗೆ ಕೂರದ ಹಾಗೆ ಎಳ್ಕೊಂಡು ಹೋಗುತ್ತೆ. ಅದೇ ಹುಡ್ಡನ್ನ ಅಡ್ಡ ಬರುತ್ತೆ ಅಂತ 0.6 ಮೀಟರ್ ದೂರಕ್ಕೆ ಸರಿಸಿದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಗಾಳಿ ಬೇಕು. ಫ್ಯಾಬ್ರಿಕೇಶನ್‌ನವರು ಕೆಲಸ ಕೆಡಿಸೋದು ಇಲ್ಲೇ: ಅಡುಗೆಮನೆ ಚಿಮಣಿ ಥರ ತಲೆ ಮೇಲೆ ದೊಡ್ಡ ಹುಡ್ ನೇತುಹಾಕ್ತಾರೆ. ಆಗ ಧೂಳು ಮೇಲೇರುವಾಗ ಮೂಗಿನ ಮುಂದೆಯೇ ಹೋಗುತ್ತೆ. ಗೋಡೆ ಫ್ಯಾನ್ ಥರದ್ದು ಈ ಒತ್ತಡ ತಡೆಯಲ್ಲ, ಸೆಂಟ್ರಿಫ್ಯೂಗಲ್ ಬ್ಲೋವರ್ ಬೇಕು. ಬ್ಯಾಗ್ ಫಿಲ್ಟರ್ ಕಟ್ಟಡದ ಹೊರಗಿರಲಿ, ಡಕ್ಟ್‌ಗೆ ಅರ್ಥಿಂಗ್ ಇರಲಿ, ಹೊರಗಿಂದ ಗಾಳಿ ಒಳಗೆ ಬರೋಕೆ ಬಾಗಿಲಿಗೆ ಜಾಲರಿ ಬಿಡಿ.

ಮಾಸ್ಕ್ ಕೊನೆಯದು. ಕರ್ಚೀಫು, ನೀಲಿ ಸರ್ಜಿಕಲ್ ಮಾಸ್ಕು ಲೆಕ್ಕಕ್ಕಿಲ್ಲ. ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಅಥವಾ ಎನ್95, ತಲೆ ಹಿಂದೆ ಎರಡು ಪಟ್ಟಿ ಇರೋದು. ಗಡ್ಡ ಇದ್ದರೆ ಅಂಚು ಕೂರಲ್ಲ. ಬೆವರಿಗೆ ನೆಂದರೆ ಬದಲಾಯಿಸಿ. ಮೂಟೆ ಸುರಿಯುವಾಗ, ಜರಡಿ ಹಿಡಿಯುವಾಗ, ಕ್ಲೀನಿಂಗ್‌ನಲ್ಲಿ ಹಾಕಲಿ. ಓವನ್ ಸೆಕೆಯಲ್ಲಿ 8 ಗಂಟೆ ಯಾರೂ ಇದನ್ನ ಸರಿಯಾಗಿ ಹಾಕ್ಕೊಂಡಿರಲ್ಲ, ಆದ್ದರಿಂದ ಇದನ್ನೇ ನಂಬಿ ಕೂರೋ ಹಾಗಿಲ್ಲ.

---

ಕಾರ್ಮಿಕ_ಸಲಹೆ

ಇಎಸ್‌ಐ ಪ್ರಶ್ನೆಗೆ ಉತ್ತರ: ಒಪ್ಪಲು ಕಾನೂನಿನಲ್ಲಿ ದಾರಿ ಸ್ಪಷ್ಟವಾಗಿದೆ. ಮೂರನೇ ಅನುಸೂಚಿಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ, ಕೆಲಸದ ಪ್ರಕ್ರಿಯೆಯಲ್ಲೇ ಇರುವ ಅಲರ್ಜಿಕಾರಕಗಳಿಂದ ಬರುವ ಉಬ್ಬಸ ಸೇರಿದೆ. ಆ ಕೆಲಸದಲ್ಲಿ ಕನಿಷ್ಠ 6 ತಿಂಗಳು ನಿರಂತರವಾಗಿ ಇದ್ದಿರಬೇಕು. ನಿಮ್ಮ ಹುಡುಗನಿಗೆ 3 ವರ್ಷ ಆಗಿದೆ.

ಹಣದ ವ್ಯತ್ಯಾಸ ಗಮನಿಸಿ. ಮಾಮೂಲಿ ಕಾಯಿಲೆ ಎಂದಾದರೆ ಕೂಲಿಯ ಶೇ 70, ವರ್ಷಕ್ಕೆ 91 ದಿನದವರೆಗೆ. ಕೆಲಸದಿಂದ ಬಂದ ರೋಗ ಎಂದು ತೀರ್ಮಾನವಾದರೆ ತಾತ್ಕಾಲಿಕ ಅಂಗವಿಕಲತೆ ಸೌಲಭ್ಯ, ಶೇ 90. ಶಾಶ್ವತವಾಗಿ ದುಡಿಯುವ ಶಕ್ತಿ ಕುಗ್ಗಿದೆ ಎಂದು ಕಂಡರೆ ಆ ಪ್ರಮಾಣಕ್ಕೆ ತಕ್ಕಂತೆ ತಿಂಗಳು ತಿಂಗಳು ಬರುತ್ತದೆ. ಇದನ್ನು ತೀರ್ಮಾನಿಸುವುದು ವಿಶೇಷ ವೈದ್ಯಕೀಯ ಮಂಡಳಿ, ಡಿಸ್ಪೆನ್ಸರಿ ವೈದ್ಯರಲ್ಲ. ಹಾಗಾಗಿ ಡಿಸ್ಪೆನ್ಸರಿಯಲ್ಲಿ ಮೊದಲ ದಿನವೇ ಚೀಟಿಯ ಮೇಲೆ ‘ಬೇಕರಿ, ಹಿಟ್ಟು ಮಿಕ್ಸಿಂಗ್ ಕೆಲಸ’ ಎಂದು ಬರೆಸಿ. ಬರೀ ‘ಕೆಮ್ಮು’ ಎಂದಷ್ಟೇ ಬರೆದ ಚೀಟಿಗಳು ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಮಾಲೀಕರಾಗಿ ನೀವು ಕೊಡಬಹುದಾದದ್ದು: ಯಾವ ತಾರೀಖಿನಿಂದ ಯಾವ ಕೆಲಸ ಎಂಬ ಪತ್ರ, ಹಾಜರಿ ಪುಸ್ತಕದ ನಕಲು, ದಿನಕ್ಕೆ ಬಳಸುವ ಮೈದಾ ಮತ್ತು ಇಂಪ್ರೂವರ್ ಪ್ರಮಾಣ, ಪ್ಯಾಕೆಟ್‌ನ ಫೋಟೊ. ಪೀಕ್ ಫ್ಲೋ ಚಾರ್ಟಿನ ತಾರೀಖುಗಳು ಹಾಜರಿ ಪುಸ್ತಕಕ್ಕೆ ತಾಳೆಯಾಗಬೇಕು. ಅವನು ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಇಎಸ್‌ಐ ವಂತಿಗೆಯ ನೆಪದಲ್ಲಿ ಕೂಲಿ ಇಳಿಸುವಂತಿಲ್ಲ.

10ಕ್ಕಿಂತ ಕಡಿಮೆ ಜನರಿರುವ, ಇಎಸ್‌ಐ ಇಲ್ಲದ ಬೇಕರಿಯವರೂ ಇದನ್ನು ಓದುತ್ತಿರಬಹುದು. ಅಲ್ಲಿ ಪರಿಹಾರದ ಹೊಣೆ ನೇರವಾಗಿ ಮಾಲೀಕರದು, ರೋಗದ ಪಟ್ಟಿ ಅದೇ.

---

ಬೇಕರಿ_ಮಂಡ್ಯ

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ, ಇನ್ನೆರಡು ಅನುಮಾನ. ಚಾರ್ಟ್ ಮುಗಿದಮೇಲೆ ಪ್ಯಾಕಿಂಗ್‌ಗೆ ಹಾಕಿದರೆ ಸಾಕಾ? ಪ್ಯಾಕಿಂಗ್ ಟೇಬಲ್ ಅದೇ ಶೆಡ್ಡಿನಲ್ಲಿ, ಮಿಕ್ಸಿಂಗ್ ರೂಮಿನ ಬಾಗಿಲ ಆಚೆಗೇ ಇದೆ. ಆ ಇಬ್ಬರು ಸೀನೋರಿಗೆ ಏನು ಮಾಡಲಿ? ಹಾಗೇ, ಅವನು ಚಪಾತಿ, ಬ್ರೆಡ್ಡು ತಿನ್ನಬಹುದಾ? ಅವರ ಮನೆಯವರು ಎಲ್ಲ ಬಿಡಿಸಿದ್ದಾರೆ.

---

ಇನ್‌ಹೇಲರ್_ತರಬೇತಿ (ಮೈಸೂರು)

ಮೇಡಂ ಉತ್ತರಿಸುವ ಮುಂಚೆ ಇನ್‌ಹೇಲರ್ ಬಗ್ಗೆ ಎರಡು ಮಾತು. ಔಷಧ ಸರಿಯಿದ್ದೂ ಕೆಲಸ ಮಾಡದಿರುವುದು ಹೆಚ್ಚಾಗಿ ಎಳೆಯುವ ರೀತಿಯಿಂದ. ಒತ್ತುವ ಪಂಪ್ ಆದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒಮ್ಮೆ ಒತ್ತುತ್ತಲೇ ನಿಧಾನವಾಗಿ ಆಳಕ್ಕೆ ಎಳೆದು, 10 ಸೆಕೆಂಡ್ ಹಿಡಿಯಬೇಕು; ಸ್ಪೇಸರ್ (ಪಂಪಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಇದ್ದರೆ ಇನ್ನೂ ಒಳ್ಳೆಯದು. ಕ್ಯಾಪ್ಸೂಲ್ ಹಾಕುವ ಪುಡಿ ಸಾಧನಕ್ಕೆ ತದ್ವಿರುದ್ಧ: ಜೋರಾಗಿ, ರಭಸದಿಂದ ಎಳೆಯಬೇಕು. ಒಂದರ ರೀತಿ ಇನ್ನೊಂದಕ್ಕೆ ಬಳಸಿದರೆ ಔಷಧ ಗಂಟಲಲ್ಲೇ ನಿಲ್ಲುತ್ತದೆ. ಸ್ಟೀರಾಯ್ಡ್ ಎಳೆದಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರುತ್ತದೆ.

ಓವನ್ ಪಕ್ಕದ ಗೂಡಿನಲ್ಲಿ ಇನ್‌ಹೇಲರ್ ಇಡಬೇಡಿ, 30 ಡಿಗ್ರಿ ಒಳಗಿರಬೇಕು. ಮಾತು ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ ಕೂರಿಸಿ, ಸ್ಪೇಸರ್ ಮೂಲಕ ಸಾಲ್ಬ್ಯುಟಮಾಲ್ ಒಂದೊಂದೇ ಒತ್ತಿ 4ರಿಂದ 10 ಸಲ ಕೊಡಿ, ಜೊತೆಗೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದರೊಳಗೆ 20 ನಿಮಿಷವಾದರೆ ಮತ್ತೆ ಕೊಡಬಹುದು. ಆ ಹೊತ್ತಿನಲ್ಲಿ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ.

---

ಎದೆರೋಗ_ವೈದ್ಯೆ (ಮೈಸೂರು)

ಅದೇ ಶೆಡ್ಡಿನ ಪ್ಯಾಕಿಂಗ್ ಸಾಲದು. ಮೈ ಒಗ್ಗದಂತಾದವನಿಗೆ ಬಾಗಿಲ ಸಂದಿನಿಂದ ಬರುವ ಧೂಳೂ ಸಾಕು. ಬೇರೆ ಕಟ್ಟಡದ ಮಾರಾಟದ ಕೌಂಟರ್, ಡೆಲಿವರಿ, ಲೆಕ್ಕ ನೋಡಿಕೊಳ್ಳುವುದು, ಹೀಗೆ ಹುಡುಕಿ. ಕೂಲಿ ಕಡಿಮೆಯಾಗದಿದ್ದರೆ ಮಾತ್ರ ಅವನು ಮನಸ್ಸು ಬಿಚ್ಚಿ ತೊಂದರೆ ಹೇಳುತ್ತಾನೆ. ಸಂಬಳ ಹೋಗುವ ಭಯದಲ್ಲಿ ಕೆಮ್ಮು ನುಂಗಿಕೊಂಡು ದುಡಿಯುವವರೇ ಹೆಚ್ಚು. ಹೊಸ ಜಾಗದಲ್ಲಿ ಎರಡು ವಾರ ಮತ್ತೆ ಪೀಕ್ ಫ್ಲೋ ಬರೆಸಿ. ಗ್ರಾಫು ರಜೆಯ ದಿನಗಳಂತೆ ನಿಂತರೆ ಜಾಗ ಸರಿ, ಇಲ್ಲದಿದ್ದರೆ ಇನ್ನೂ ದೂರ.

ಆ ಇಬ್ಬರ ಮೂಗು ಈಗ ಎಚ್ಚರಿಕೆ ಕೊಡುತ್ತಿದೆ. ಇಬ್ಬರಿಗೂ ಸ್ಪೈರೋಮೆಟ್ರಿ ಮಾಡಿಸಿ, ಮೂಟೆ ಸುರಿಯುವ ಕೆಲಸದಿಂದ ತೆಗೆದು, ಮೂಗಿಗೆ ಚಿಕಿತ್ಸೆ ಕೊಡಿಸಿ. ಹೊಸದಾಗಿ ಸೇರುವವರಿಗೆ ಸೇರಿದಾಗ, 6 ವಾರಕ್ಕೆ, 12 ವಾರಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಇಷ್ಟು ಕೇಳಿ: ಮೂಗು ಕಣ್ಣು ಕೆರೆತ ಇದೆಯೇ, ಎದೆ ಬಿಗಿತ ಅಥವಾ ಸುಯ್ ಸದ್ದು ಇದೆಯೇ, ರಾತ್ರಿ ಕೆಮ್ಮಿಗೆ ಎಚ್ಚರವಾಗುತ್ತದೆಯೇ, ರಜೆಯಲ್ಲಿ ಕಡಿಮೆಯಾಗುತ್ತದೆಯೇ. ಅಲರ್ಜಿ ಮೈ ಎಂದು ಕೆಲಸಕ್ಕೇ ತೆಗೆದುಕೊಳ್ಳದಿರುವುದು ಪರಿಹಾರವಲ್ಲ. ಅಂಥವರಲ್ಲಿ ಬಹಳ ಜನರಿಗೆ ಏನೂ ಆಗುವುದಿಲ್ಲ, ಅಲರ್ಜಿ ಇಲ್ಲದವರಿಗೂ ಇದು ಬರುತ್ತದೆ. ಕೆಲಸದ ನಂತರ ಜ್ವರ, ಮೈಕೈ ನೋವು, ಏದುಸಿರು ಬರುತ್ತಿದ್ದರೆ ಅದು ಬೇರೆಯೇ ಶ್ವಾಸಕೋಶ ರೋಗ ಇರಬಹುದು. ಕಬ್ಬಿನ ಸಿಪ್ಪೆ, ಬೂಷ್ಟು ಹಿಡಿದ ಹುಲ್ಲು ಕೆದಕುವವರಲ್ಲಿ ಅಂಥದ್ದು ಕಾಣುತ್ತದೆ. ಅದಕ್ಕೆ ಪರೀಕ್ಷೆಯೂ ಬೇರೆ.

ಚಪಾತಿ, ಬ್ರೆಡ್ಡು ಧಾರಾಳವಾಗಿ ತಿನ್ನಲಿ. ಈ ಉಬ್ಬಸದಲ್ಲಿ ತೊಂದರೆ ಉಸಿರಿನ ದಾರಿಯಲ್ಲಿ ಹೋಗುವ ಧೂಳಿನಿಂದ. ಬೇಯಿಸಿದ ಗೋಧಿ ತಿಂದರೆ ಬಹುತೇಕರಿಗೆ ಏನೂ ಆಗುವುದಿಲ್ಲ. ತಿಂದಾಗ ದದ್ದು, ತುಟಿ ಊತ, ವಾಂತಿ ಬಂದಿದ್ದರೆ ಮಾತ್ರ ನಿಲ್ಲಿಸಿ ತೋರಿಸಿ. ಹಿಟ್ಟು ಜರಡಿ ಹಿಡಿಯುವುದು, ಒಣಹಿಟ್ಟಿನಲ್ಲಿ ಲಟ್ಟಿಸುವುದು ಬೇರೆಯವರು ಮಾಡಲಿ. ರಾಗಿ ಬೀಸಿಸಲು ಹಿಟ್ಟಿನ ಮಿಲ್ಲಿಗೂ ಅವನನ್ನು ಕಳಿಸಬೇಡಿ. ಅದೇ ಮಿಲ್ಲಿನಲ್ಲಿ ಗೋಧಿಯನ್ನೂ ಬೀಸುತ್ತಾರೆ. ಚಾರ್ಟಿನ ಅವಧಿಯಲ್ಲಿ ಅವನ ಬೇಕರಿ ಬಟ್ಟೆ ಅಲ್ಲೇ ಬಿಚ್ಚಿ, ಒದರದೆ ಕವರಿನಲ್ಲಿ ಕಟ್ಟಿ, ಅಲ್ಲಿಯೇ ಒಗೆಸಿ. ಮನೆಗೆ ಒಯ್ದರೆ ರಜೆಯ ದಿನದ ಅಳತೆಯೂ ಕೆಡುತ್ತದೆ.